ವಿಭೂತಿ ಬಳಿದ ಒಂಬತ್ತು ಬಾಟಲಿ

ತುಮಕೂರಿನಿಂದ ಸಮುದ್ರ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ನಾನು ‘ಮರಳೂರು, ಎರಡನೇ ಮಹಡಿ’ ಎನ್ನುತ್ತೇನೆ. ಕೆಳಗೆ ಹಾರ್ಡ್‌ವೇರ್ ಅಂಗಡಿ, ಅದರ ಮೇಲೆ ಟ್ಯೂಷನ್ ಸೆಂಟರು, ಅದರ ಮೇಲೆ ನಾನು ಕೆಲಸ ಮಾಡುವ ಪರೀಕ್ಷಾ ಲ್ಯಾಬ್. ಬೋರ್‌ವೆಲ್ ನೀರು, ಹಾಲು, ಕೊಬ್ಬರಿ ಎಣ್ಣೆ, ಹೋಟೆಲಿನ ಚಟ್ನಿ ಇವೇ ನಮ್ಮ ಮಾಮೂಲಿ ಕೆಲಸ. ಹೀಗಿರುವಾಗ ಯುಗಾದಿ ಕಳೆದು ಒಂದು ತಿಂಗಳಿಗೆ ಕರಾವಳಿಯಿಂದ ನಾಲ್ಕು ಕ್ಯಾನ್ ಉಪ್ಪುನೀರು, ಒಂದು ಐಸ್ ಪೆಟ್ಟಿಗೆ ತುಂಬ ಸಮುದ್ರತಳದ ಮರಳುಗೆಸರು ಬಂದಿಳಿದವು. ನಮ್ಮ ಅಟೆಂಡರ್ ಅಕ್ಕ ಪೆಟ್ಟಿಗೆಯ ಮುಚ್ಚಳ ತೆಗೆದು, ಸೆರಗಿನಿಂದ ಮೂಗು ಮುಚ್ಚಿಕೊಂಡು, “ಮರಳೂರಿಗೇ ಮರಳು ತರಿಸಿದ್ರಾ ಮೇಡಂ?” ಎಂದರು.

ತರಿಸಿದ್ದು ಗುಬ್ಬಿಯ ಒಬ್ಬರಿಗಾಗಿ. ಅವರನ್ನು ಲ್ಯಾಬಿನಲ್ಲಿ ‘ದಾರದವರು’ ಎಂದೇ ಕರೆಯುತ್ತಿದ್ದೆವು. ತೆಂಗಿನ ನಾರಿನ ಹುರಿ ಹೊಸೆಯುವ ಮನೆತನ. ಇವರು ಮಾತ್ರ ಮೂರು ವರ್ಷದಿಂದ ಮಣ್ಣಲ್ಲಿ ಕರಗುವಂಥ ಪ್ಲಾಸ್ಟಿಕ್ಕಿನ ಕಾಳು ತಂದು, ಕಾಯಿಸಿ, ಸಣ್ಣ ದಾರ ಎಳೆಯುತ್ತಿದ್ದರು. ಕರಾವಳಿಯಲ್ಲಿ ಕಡಲಪಾಚಿ ಬೆಳೆಸುವ ಒಂದು ಸಂಘದವರಿಗೆ ಅಂಥ ದಾರ ಬೇಕಿತ್ತು. ಪಾಚಿಯ ಎಳೆಗಳನ್ನು ಹಗ್ಗಕ್ಕೆ ಕಟ್ಟುವ ತುಂಡು ದಾರ ಕೊಯ್ಲಿನ ಹೊತ್ತಿಗೆ ಅರ್ಧಕ್ಕರ್ಧ ನೀರಿಗೇ ಬೀಳುತ್ತದೆ. ‘ಬಿದ್ದದ್ದು ಸಮುದ್ರದಲ್ಲಿ ಕರಗುತ್ತದೆ ಎಂದು ಲ್ಯಾಬಿನ ವರದಿ ತನ್ನಿ. ದೀಪಾವಳಿಯೊಳಗೆ ತಂದರೆ ಈ ಹಂಗಾಮಿನ ದಾರವೆಲ್ಲ ನಿಮ್ಮದೇ’ ಎಂದು ಸಂಘದವರು ಹೇಳಿದ್ದರು. ಅವರ ಶೆಡ್ಡಿನಲ್ಲಿ ಆರು ಜನ ಹೆಂಗಸರಿಗೆ ಆ ಮೆಷಿನ್ನಿನದೇ ಕೆಲಸ. ವರದಿ ಬರದಿದ್ದರೆ ಮೆಷಿನ್ನಿಗೆ ಗೋಣಿಚೀಲ ಹೊದಿಸುವುದೇ.

ಪರೀಕ್ಷೆಯ ಕ್ರಮ ಕೇಳಲು ಸುಲಭ. ಅಗಲ ಬಾಯಿಯ ಒಂಬತ್ತು ಗಾಜಿನ ಬಾಟಲಿ. ಎಲ್ಲದರ ತಳದಲ್ಲೂ ತೂಗಿ ಹಾಕಿದ ಕೆಸರು, ಮೇಲೆ ಸಮುದ್ರದ ನೀರು. ಒಂದರಿಂದ ಮೂರಕ್ಕೆ ಬೇರೇನೂ ಹಾಕುವುದಿಲ್ಲ, ಅವು ಬರೀ ಕೆಸರಿನವು. ನಾಲ್ಕು, ಐದು, ಆರಕ್ಕೆ ಕಾಗದದ ಹಿಟ್ಟು. ಅದನ್ನು ಸೂಕ್ಷ್ಮಜೀವಿಗಳು ತಿಂದೇ ತಿನ್ನುತ್ತವೆ, ತಿನ್ನದಿದ್ದರೆ ಕೆಸರೇ ಸತ್ತಿದೆ ಎಂದರ್ಥ. ಏಳು, ಎಂಟು, ಒಂಬತ್ತಕ್ಕೆ ದಾರವನ್ನು ರಾಗಿಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿ ಹಾಕಿದ್ದು. ಕೆಸರಿನಲ್ಲಿ ಕಲೆಸಿದ ಮೇಲೆ ಒಂಬತ್ತೂ ನೋಡಲು ಒಂದೇ.

ಪ್ರತಿ ಬಾಟಲಿಯೊಳಗೆ ನೀರಿನ ಮಟ್ಟದಿಂದ ಮೇಲೆ ಒಂದು ಪುಟ್ಟ ಗಾಜಿನ ಬಟ್ಟಲು, ಅದರಲ್ಲಿ ಕ್ಷಾರದ ನೀರು. ಮುಚ್ಚಳದ ಅಂಚಿಗೆ ಗ್ರೀಸ್ ಸವರಿ ಬಿಗಿ ಮಾಡಿದರೆ ಹೊರಗಿನ ಗಾಳಿ ಒಳಗೆ ಹೋಗದು. ತಿಂದ ಜೀವಿ ಉಸಿರು ಬಿಡಲೇಬೇಕು, ಆ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಕ್ಷಾರ ಹೀರಿಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಸೋಮವಾರ ಆ ಬಟ್ಟಲನ್ನು ಹೊರತೆಗೆದು ಎರಡು ಹನಿ ಸೂಚಕ ಹಾಕಿದರೆ ನೀರು ಗುಲಾಬಿಯಾಗುತ್ತದೆ. ಮೇಲಿನಿಂದ ಆಸಿಡ್ಡನ್ನು ಹನಿಹನಿಯಾಗಿ ಬಿಡುತ್ತ ಹೋದರೆ ಒಂದು ಹನಿಗೆ ಗುಲಾಬಿ ತಟ್ಟನೆ ಮಾಯ. ಬೇಗ ಮಾಯವಾದರೆ ಒಳಗೆ ಉಸಿರಾಟ ಜೋರು, ತಡವಾದರೆ ನಿಧಾನ. ದಾರದ ಬಾಟಲಿಯ ಉಸಿರಿನಿಂದ ಬರೀ ಕೆಸರಿನ ಉಸಿರನ್ನು ಕಳೆದರೆ ದಾರವನ್ನು ಎಷ್ಟು ತಿಂದವು ಎಂದು ತಿಳಿಯುತ್ತದೆ. ಸಂಘದವರು ಹಾಕಿಕೊಟ್ಟ ಒಂದು ಗೆರೆ ಇತ್ತು. ಮೂರು ದಾರದ ಬಾಟಲಿಗಳ ಸರಾಸರಿ ಆ ಗೆರೆ ದಾಟಬೇಕು, ಅಷ್ಟೇ.

ನಾನು ಹುಟ್ಟಾ ಪುಕ್ಕಲಿ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಶಿರಾಕ್ಕೆ ಹೊರಟವಳು ಕೋರದಿಂದ ವಾಪಸಾದವಳು ಎಂದು ನನ್ನ ಗಂಡ ಇವತ್ತಿಗೂ ನೆಂಟರ ಮುಂದೆ ಆಡಿಕೊಳ್ಳುತ್ತಾರೆ. ಕರೆಂಟ್ ಹೋದರೆ ಬಾಟಲಿ ಇಟ್ಟ ಕೋಣೆ ಬಿಸಿಯಾಗುತ್ತದೆ ಎಂದು ಮೂರು ಥರ್ಮಾಮೀಟರ್ ನೇತುಹಾಕಿದ್ದೆ. ಮೂರೂ ಬೇರೆ ಬೇರೆ ತೋರಿಸಿದಾಗ ನಾಲ್ಕನೆಯದು ತಂದೆ. ಇಂಥ ನಾನು ಬಾಟಲಿಯ ನಂಬರನ್ನು ಮಾರ್ಕರ್ ಪೆನ್ನಿನಲ್ಲಿ ಹೊರಮೈ ಮೇಲೆ ಮಾತ್ರ ಬರೆದೆ. ಮುಚ್ಚಳದ ಮೇಲೂ ಬರೆಯಬೇಕು, ಇಟ್ಟ ಜಾಗದ ನಕ್ಷೆಯನ್ನೂ ಪುಸ್ತಕದಲ್ಲಿ ಬರೆದಿಡಬೇಕು ಎಂಬುದು ನಿಯಮ. ಎಡದಿಂದ ಬಲಕ್ಕೆ ಒಂದರಿಂದ ಒಂಬತ್ತು ಸಾಲಾಗಿ ಇಟ್ಟಿದ್ದೇನೆ, ಇದಕ್ಕೆಂಥ ನಕ್ಷೆ ಎಂದುಕೊಂಡೆ. ಹೆದರುವವರು ಹೆದರಬೇಕಾದ ಕಡೆಗೇ ಹೆದರುತ್ತಾರೆ ಎಂದೇನಿಲ್ಲ.

ಮೊದಲ ಮೂರು ತಿಂಗಳು ದಾರದ ಬಾಟಲಿಗಳು ಚೆನ್ನಾಗಿ ಉಸಿರಾಡಿದವು. ದಾರದವರು ಪ್ರತಿ ಸೋಮವಾರ ಸಂಜೆ ಫೋನ್ ಮಾಡುವರು. “ಹೆಂಗವ್ರೆ ಮೇಡಂ ನಮ್ಮೋರು?” ಎಂದು, ಆಸ್ಪತ್ರೆಗೆ ಸೇರಿಸಿದ ನೆಂಟರ ಬಗ್ಗೆ ಕೇಳುವ ಹಾಗೆ ಕೇಳುವರು.

ಆ ದಿನಗಳಲ್ಲಿ ನಾನು ಕುತೂಹಲಕ್ಕೆ ಇನ್ನೊಂದು ಕೆಲಸ ಮಾಡಿದೆ. ದಾರದ ಪುಡಿ ಬೆರೆಸಿ ಮಬ್ಬು ಮಾಡಿದ, ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಲೋಳೆಯ ತಟ್ಟೆಗಳ ಮೇಲೆ, ಮಿಕ್ಕಿದ್ದ ಕೆಸರಿನ ನೀರನ್ನು ಸವರಿಟ್ಟೆ. ವಾರದ ಮೇಲೆ ಒಂದು ಬ್ಯಾಕ್ಟೀರಿಯಾ ಗುಂಪಿನ ಸುತ್ತ ಮಬ್ಬು ಹರಿದು ಕಿಟಕಿಯ ಹಾಗೆ ತಿಳಿಯಾಯಿತು. ಅದು ಕಿಣ್ವ ಸುರಿಸಿ ಪ್ಲಾಸ್ಟಿಕ್ಕಿನ ಉದ್ದುದ್ದ ಸರಪಳಿಯನ್ನು ಕತ್ತರಿಸುತ್ತಿತ್ತು. ಇವನೇ ನಮ್ಮ ಮನುಷ್ಯ ಎಂದು ಹಿಗ್ಗಿ, ಅದೊಂದನ್ನೇ ಬೇರೆ ಬಾಟಲಿಯಲ್ಲಿ ದಾರದ ಪುಡಿಯೊಂದಿಗೆ ಬಿಟ್ಟೆ. ನಾಲ್ಕು ದಿನ ಕೆಲಸ ಮಾಡಿ ಸುಮ್ಮನಾಯಿತು. ಕತ್ತರಿಸಿದ ತುಂಡುಗಳೇ ಸುತ್ತ ತುಂಬಿಕೊಂಡು ಮುಂದಕ್ಕೆ ಹೋಗಲಾಗಲಿಲ್ಲ. ಅದೇ ಬಾಟಲಿಗೆ ಕೆಸರಿನ ಬೇರೆ ಜೀವಿಗಳನ್ನು, ಒಂದನ್ನೂ ಕತ್ತರಿಸಲು ಬಾರದವನ್ನು, ಸೇರಿಸಿದೆ. ಅವು ಆ ತುಂಡುಗಳನ್ನು ತಿಂದವು, ಒಂದು ಜಾತಿಗೆ ಒಂದು ಬಗೆಯ ತುಂಡು. ಕತ್ತರಿಸುವವನು ಮತ್ತೆ ಕೆಲಸಕ್ಕಿಳಿದ.

ಇದನ್ನು ದಾರದವರಿಗೆ ಫೋನಿನಲ್ಲಿ ವಿವರಿಸಲು ಒದ್ದಾಡುತ್ತಿದ್ದೆ. ಅವರು ನಡುವೆಯೇ ತಡೆದು, “ಗೊತ್ತಾಯ್ತು ಬುಡಿ ಮೇಡಂ. ಸುಲಿಯೋನೊಬ್ಬ, ಒಡೆಯೋನೊಬ್ಬ, ತುರಿಯೋಳೊಬ್ಳು. ಸುಲಿಯೋನು ಬರ್ಲಿಲ್ಲ ಅಂದ್ರೆ ಮಿಕ್ಕೋರೆಲ್ಲ ಕೈಕಟ್ಕೊಂಡು ಕೂತ್ಕೋಬೇಕು,” ಎಂದರು. ತೆಂಗಿನ ಸೀಮೆಯವರಿಗೆ ಇದಕ್ಕಿಂತ ಪಾಠ ಬೇಕಿರಲಿಲ್ಲ.

ನಾಲ್ಕನೇ ತಿಂಗಳಿಂದ ದಾರದ ಬಾಟಲಿಗಳ ಉಸಿರು ಇಳಿಯಿತು. ಸೆಪ್ಟೆಂಬರಿನಲ್ಲಿ ಅವಕ್ಕೂ ಬರೀ ಕೆಸರಿನ ಬಾಟಲಿಗಳಿಗೂ ವ್ಯತ್ಯಾಸವೇ ಉಳಿಯಲಿಲ್ಲ. ಕಾಗದದ ಹಿಟ್ಟಿನವು ಯಾವತ್ತೋ ಮುಗಿಸಿ ಕೈತೊಳೆದುಕೊಂಡಿದ್ದವು, ಅಂದರೆ ಕೆಸರು ಸತ್ತಿರಲಿಲ್ಲ. ದಾರದ ಸರಾಸರಿ ಗೆರೆಗೆ ಸ್ವಲ್ಪ ಕೆಳಗೆ ಬಂದು ನಿಂತುಬಿಟ್ಟಿತ್ತು. ಹೊಸ್ತಿಲ ಮುಂದೆ ಬಂದು ಒಳಗೆ ಕಾಲಿಡದೆ ನಿಂತ ನೆಂಟನ ಹಾಗೆ.  ದಾರದವರು ಫೋನ್ ಮಾಡಿದರೆ “ನೋಡೋಣ, ಇನ್ನೂ ಟೈಮಿದೆ,” ಎನ್ನುತ್ತಿದ್ದೆ. ಟೈಮು ಇರಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ಅದೇ ವಾರ ಕುಣಿಗಲ್ಲಿನಲ್ಲಿ ನನ್ನ ತಂಗಿಯ ಹೊಸ ಮನೆಯ ಗೃಹಪ್ರವೇಶ. ಬುಧವಾರ ಹೋದವಳು ಭಾನುವಾರದವರೆಗೆ ಅಲ್ಲೇ ಇದ್ದೆ, ದೇಹ ಮಾತ್ರ. ಗುರುವಾರ ಲ್ಯಾಬಿನಲ್ಲಿ ಪೂಜೆ. ನಮ್ಮ ಲ್ಯಾಬಿನ ಮಾಲೀಕರಿಗೆ ಪೂಜೆ ಎಂದರೆ ಅಚ್ಚುಕಟ್ಟು ಇರಬೇಕು. ತಕ್ಕಡಿ, ಮೈಕ್ರೋಸ್ಕೋಪು, ಸ್ಕೂಟರು, ಎಲ್ಲದಕ್ಕೂ ಹೂವು ಬೀಳಬೇಕು. ಅಟೆಂಡರ್ ಅಕ್ಕನಂತೂ ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟುಕೊಳ್ಳದೆ ಪೊರಕೆ ಕೂಡ ಮುಟ್ಟುವವರಲ್ಲ. ಮಾಲೀಕರು ವಾಟ್ಸ್ಯಾಪಿಗೆ ಫೋಟೋ ಕಳಿಸಿದರು. ಟೇಬಲ್ಲಿನ ಮೇಲೆ ಬಾಳೆಕಂದು, ದೇವರ ಪಟ, ಪಟದ ಮುಂದೆ ಅರ್ಧಚಂದ್ರಾಕಾರವಾಗಿ ಜೋಡಿಸಿದ ನನ್ನ ಒಂಬತ್ತು ಬಾಟಲಿ. ಒಂದೊಂದರ ಹೊಟ್ಟೆಯ ಮೇಲೂ ಮೂರೆಳೆ ವಿಭೂತಿ, ನಡುವೆ ಕುಂಕುಮ.

ಅಲುಗಾಡಿಸಬಾರದ ಬಾಟಲಿಗಳನ್ನು ಕೋಣೆಯಿಂದ ಎತ್ತಿ ತಂದಿದ್ದರು. ಕುಣಿಗಲ್ ಕೆರೆಯ ಏರಿಯ ಮೇಲೆ ತಂಗಿಯ ಮಕ್ಕಳ ಜೊತೆ ನಡೆಯುತ್ತಿದ್ದ ನಾನು ಅಲ್ಲೇ ನಿಂತು ಅಕ್ಕನಿಗೆ ಫೋನ್ ಹಚ್ಚಿದೆ.

“ಅಕ್ಕ, ಬಾಟ್ಲಿಗಳ್ನ ಯಾಕೆ ತೆಗೆದ್ರಿ?”

“ಸರ್ರು ಎಲ್ಲಾನೂ ಇಡಿ ಅಂದ್ರು ಮೇಡಂ. ಪಾಪ, ಅವೇ ಅಲ್ವಾ ವರ್ಷ ಪೂರ್ತಿ ದುಡಿಯೋವು. ಮೆತ್ತಗೇ ಎತ್ತಿದೀನಿ.”

“ನಾಳೆ ವಾಪಸ್ ಒಳಗಿಡಿ. ಇಡೋಕೆ ಮುಂಚೆ ಕುಂಕುಮ, ವಿಭೂತಿ ಒಂದು ಚೂರೂ ಇರ್ಬಾರ್ದು. ನೀರಲ್ಲಿ ಒರೆಸ್ಬೇಡಿ, ಸ್ಪಿರಿಟ್ ಹಾಕಿ ಒರೆಸಿ. ಎರಡು ಸಲ ಒರೆಸಿ.”

“ಆಯ್ತು ಮೇಡಂ.”

ಮರುದಿನ ಮತ್ತೆ ಫೋನ್ ಮಾಡಿ ಒರೆಸಿದಿರಾ ಎಂದು ಕೇಳಿದೆ. ಫಳಫಳ ಅಂತಿದಾವೆ ಎಂದರು. ನನಗೆ ಸಮಾಧಾನವಾಯಿತು. ಗೃಹಪ್ರವೇಶದ ಹೋಳಿಗೆ ಅವತ್ತು ರುಚಿಸಿತು.

ಸೋಮವಾರ ಬಂದು ಕೋಣೆಯ ಬಾಗಿಲು ತೆರೆದೆ. ಒಂಬತ್ತು ಬಾಟಲಿ ಸಾಲಾಗಿ, ನಿಜಕ್ಕೂ ಫಳಫಳ ಎನ್ನುತ್ತಿದ್ದವು. ಒಂದರ ಮೇಲೂ ನಂಬರಿರಲಿಲ್ಲ. ಮಾರ್ಕರ್ ಮಸಿ ನೀರಿಗೆ ಹೋಗುವುದಿಲ್ಲ, ಸ್ಪಿರಿಟ್ಟಿಗೆ ಒಂದೇ ಒರೆಸಿಗೆ ಹೋಗುತ್ತದೆ. ಅದನ್ನು ಲ್ಯಾಬಿನಲ್ಲಿ ನನಗಿಂತ ಚೆನ್ನಾಗಿ ತಿಳಿದವರಿಲ್ಲ.

ಅಕ್ಕನನ್ನು ಕರೆದೆ. ದನಿ ಎತ್ತರಿಸಬಾರದೆಂದುಕೊಂಡರೂ ಎತ್ತರಿಸಿದೆ. “ನಂಬರ್ ಅಳಿಸ್ಬಿಟ್ಟಿದೀರಲ್ಲ ಅಕ್ಕ. ಕಣ್ಣಿಗೆ ಕಾಣ್ಲಿಲ್ವಾ?”

ಅವರು ಬಾಟಲಿಗಳನ್ನೂ ನನ್ನನ್ನೂ ನೋಡಿದರು. “ಕಾಣ್ತು ಮೇಡಂ. ಎರಡು ಸಲ ಒರೆಸಿ ಅಂದ್ರಲ್ಲ. ಮೊದಲ್ನೇ ಸಲಕ್ಕೇ ಅರ್ಧ ಹೋಯ್ತು. ನೀವೇ ಹೇಳಿದೀರಲ್ಲ, ಹೊಸ್ದಾಗಿ ಬರ್ಕೋತೀರೇನೋ ಅಂದ್ಕೊಂಡೆ.”

ಸಾಲಿನ ಕ್ರಮವಾದರೂ ಉಳಿದಿದೆಯೇ ಎಂದು ಕೇಳಿದೆ. ಪಟದ ಮುಂದೆ ಚೆಂದ ಕಾಣಲೆಂದು ಅದಲುಬದಲು ಮಾಡಿದ್ದರಂತೆ, ತಿರುಗಿ ಇಡುವಾಗ ಕೈಗೆ ಸಿಕ್ಕಿದ ಹಾಗೆ ಇಟ್ಟರಂತೆ. ಹೇಳುತ್ತ ಹೇಳುತ್ತ ಅವರ ಮುಖ ಕಪ್ಪಿಟ್ಟಿತು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿಸಿದ್ದು ನಾನು, ಉಣ್ಣಬೇಕಾದವರು ಗುಬ್ಬಿಯಲ್ಲಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಒಂದು ದಾರಿ ಹೊಳೆಯಿತು. ಪರೀಕ್ಷೆ ಶುರು ಮಾಡಿದ ದಿನ ಪ್ರತಿ ಬಾಟಲಿಯನ್ನು ಮುಚ್ಚಳ ಸಮೇತ ತೂಗಿ ಪುಸ್ತಕದಲ್ಲಿ ಬರೆದಿದ್ದೆ. ಗಾಜಿನ ಬಾಟಲಿಗಳು ನೋಡಲು ಒಂದೇ ಆದರೂ ತೂಕದಲ್ಲಿ ಒಂದಕ್ಕೊಂದು ಹತ್ತಾರು ಗ್ರಾಂ ಹೆಚ್ಚು ಕಡಿಮೆ ಇರುತ್ತವೆ. ಐದು ತಿಂಗಳಲ್ಲಿ ಪ್ರತಿಯೊಂದರಿಂದಲೂ ಒಂದಿಷ್ಟು ನೀರು ಆರಿರುತ್ತದೆ, ಆದರೂ ಯಾವುದು ಯಾವುದೆಂದು ಹೇಳಬಹುದು. ಒಂದೊಂದಾಗಿ ತಕ್ಕಡಿಗೇರಿಸಿದೆ. ಏಳು ಬಾಟಲಿಗಳ ಗುರುತು ಸಿಕ್ಕಿತು. ಮೂರಕ್ಕೂ ಎಂಟಕ್ಕೂ ಮಾತ್ರ ಮೊದಲ ದಿನವೇ ಇದ್ದ ವ್ಯತ್ಯಾಸ ಕಾಲು ಗ್ರಾಮಿಗೂ ಕಡಿಮೆ. ಆರಿದ ನೀರು ಅದಕ್ಕಿಂತ ಹೆಚ್ಚು. ಎರಡರಲ್ಲಿ ಒಂದು ಬರೀ ಕೆಸರು, ಇನ್ನೊಂದರಲ್ಲಿ ದಾರ, ಯಾವುದು ಯಾವುದೆಂದು ತಕ್ಕಡಿ ಹೇಳಲಿಲ್ಲ. ಎರಡಕ್ಕೂ ‘ಅ’, ‘ಆ’ ಎಂದು ಚೀಟಿ ಅಂಟಿಸಿದೆ, ಮೈಮೇಲೆ, ಮುಚ್ಚಳದ ಮೇಲೆ, ಪುಸ್ತಕದಲ್ಲಿ, ಮೂರು ಕಡೆ.

ಅದೇ ದಿನ ಉಸಿರು ಅಳೆಯುವ ದಿನವೂ ಹೌದು. ಏಳೂ ಬಾಟಲಿಗಳು ಹಿಂದಿನಂತೆಯೇ ಇದ್ದವು. ‘ಆ’ ಕೂಡ ಹಾಗೇ. ‘ಅ’ ಬಾಟಲಿಯ ಬಟ್ಟಲಿಗೆ ಆಸಿಡ್ ಬಿಡತೊಡಗಿದೆ. ಇನ್ನೂ ಬಹಳ ಹನಿ ಬೇಕು ಎಂದು ನಲ್ಲಿ ಧಾರಾಳವಾಗಿ ತಿರುಗಿಸಿದ್ದೆ. ಗುಲಾಬಿ ಅಷ್ಟರಲ್ಲೇ ಹೋಗಿತ್ತು. ಐದು ವಾರದಿಂದ ನಿಂತಿದ್ದ ಉಸಿರು ಒಂದೇ ನೆಗೆತಕ್ಕೆ ಮೇಲೇರಿತ್ತು.

ಮಾಲೀಕರು ಲೆಕ್ಕ ನೋಡಿ ಕನ್ನಡಕ ತೆಗೆದರು. “ಮೇಡಂ, ಇದು ಎಂಟನೇದೇ ಅಲ್ವೇನ್ರೀ? ಬರೀ ಕೆಸರು ಯಾಕ್ರೀ ಇಷ್ಟು ಉಸಿರಾಡುತ್ತೆ? ಬಾಟ್ಲಿ ಅಲುಗಾಡಿತು, ಕೆಸರು ಕಲಕಿತು, ಮಲ್ಗಿದ್ದ ಹುಳಗಳು ಎದ್ವು. ಪೂಜೆ ಒಳ್ಳೇದೇ ಮಾಡ್ತು ಅನ್ನಿ.”

‘ಅ’ ಎಂಟನೆಯದಾದರೆ ಮೂರು ದಾರದ ಬಾಟಲಿಗಳ ಸರಾಸರಿ ಗೆರೆ ದಾಟುತ್ತಿತ್ತು. ಕಷ್ಟಪಟ್ಟು, ಆದರೆ ದಾಟುತ್ತಿತ್ತು. ಅವರು ಹೇಳಿದ್ದರಲ್ಲಿ ತರ್ಕವಿರಲಿಲ್ಲ ಎನ್ನಲಾರೆ. ನನಗೂ ಅದೇ ಆಸೆ ಇತ್ತು, ಅದಕ್ಕೇ ಹೆದರಿಕೆಯಾಯಿತು. ಫಲಿತಾಂಶ ನೋಡಿ ಬಾಟಲಿಗೆ ಹೆಸರಿಟ್ಟು, ಆಮೇಲೆ ಆ ಹೆಸರಿನಿಂದಲೇ ಫಲಿತಾಂಶ ಬರೆಯುವುದು ಎಂದರೆ ಉತ್ತರ ಮೊದಲು ಬರೆದು ಪ್ರಶ್ನೆ ಹುಡುಕಿದ ಹಾಗೆ. ಜೊತೆಗೆ ‘ಅ’ ಬಾಟಲಿ ತೆರೆಯುವಾಗ ಮುಚ್ಚಳ ಎಂದಿನಷ್ಟು ಅಂಟಿಕೊಂಡಿರಲಿಲ್ಲ ಎಂದು ಬೆರಳಿಗೆ ನೆನಪಿತ್ತು. ಅಥವಾ ನನ್ನ ಸಂಶಯವೇ ಆಮೇಲೆ ಹುಟ್ಟಿಸಿದ ನೆನಪೋ. ಅದನ್ನೂ ಖಾತ್ರಿ ಹೇಳಲಾರೆ.

ಎರಡು ವಾರ ಕಾದೆ. ಗ್ರೀಸ್ ಹೊಸದಾಗಿ ಸವರಿ, ಮುಚ್ಚಳ ಬಿಗಿದು, ದಿನಕ್ಕೆ ನಾಲ್ಕು ಸಲ ಹೋಗಿ ನೋಡಿದೆ, ನೋಡುವುದರಿಂದ ಏನೋ ಆಗುವಂತೆ. ಮುಂದಿನ ಅಳತೆಯಲ್ಲಿ ‘ಅ’ ಮತ್ತು ‘ಆ’ ಎರಡೂ ತಣ್ಣಗೆ, ಒಂದೇ ಸಮ. ನೆಗೆತ ಮತ್ತೆ ಬರಲಿಲ್ಲ. ಬಂದು ಹೋದದ್ದು ಯಾರದ್ದು ಎಂಬುದೇ ಉಳಿದ ಪ್ರಶ್ನೆ, ದಾರದವರ ಹಂಗಾಮು ಪೂರ್ತಿ ಆ ಒಂದು ನೆಗೆತದ ಮೇಲೆ ನಿಂತಿತ್ತು. ದೀಪಾವಳಿಗೆ ನಾಲ್ಕು ದಿನ ಇತ್ತು.

ಖಾತ್ರಿಯಾಗಿ ತಿಳಿಯಲು ಒಂದೇ ಉಪಾಯ. ಎರಡೂ ಬಾಟಲಿಯ ಕೆಸರನ್ನು ತೆಗೆದು, ಒಣಗಿಸಿ, ಕ್ಲೋರೋಫಾರ್ಮಿನಲ್ಲಿ ಕಾಯಿಸಿ ಸೋಸುವುದು. ಪ್ಲಾಸ್ಟಿಕ್ ಉಳಿದಿದ್ದರೆ ಅದರಲ್ಲಿ ಕರಗಿ ಬರುತ್ತದೆ, ಗಾಜಿನ ಮೇಲೆ ಆರಲು ಬಿಟ್ಟರೆ ಪೊರೆಯಾಗಿ ಕೂರುತ್ತದೆ. ಬರೀ ಕೆಸರಿನಲ್ಲಿ ಪೊರೆ ಬರದು. ಇದಕ್ಕೆ ಉಸಿರಿನ ಲೆಕ್ಕದ ಹಂಗಿಲ್ಲ. ಆದರೆ ಕೆಸರು ತೆಗೆದ ಬಾಟಲಿ ಅಲ್ಲಿಗೆ ಮುಗಿಯಿತು. ಐದು ತಿಂಗಳ ಪರೀಕ್ಷೆಯನ್ನು ಅಲ್ಲೇ ನಿಲ್ಲಿಸಬೇಕು, ಇನ್ನು ಏರುತ್ತದೇನೋ ಎಂದು ಕಾಯುವ ಹಾಗಿಲ್ಲ. ಬಾಟಲಿ ನಮ್ಮವಾದರೂ ಒಳಗಿದ್ದ ದಾರ ನಮ್ಮದಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ ಎನ್ನಿಸಿ ಬೆಳಿಗ್ಗೆ ಗುಬ್ಬಿ ಬಸ್ಸು ಹತ್ತಿದೆ.

ಅವರ ಶೆಡ್ಡು ಬಿದರೆಹಳ್ಳಿ ಕಾವಲಿನ ಕಡೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಒಳಗೆ ಕಾಲಿಟ್ಟೊಡನೆ ಎಲ್ಲ ಮರೆಯಿತು. ಎದುರಿಗೇ ದಾರದ ಮೆಷಿನ್ನು, ಅದರ ಹಣೆಯ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಎರಡು ವಾರ ಕಳೆದರೂ ಹಾಗೇ. ಇಲ್ಲಿ ಯಾರೂ ಫೋನ್ ಮಾಡಿ ಒರೆಸಲು ಹೇಳಿರಲಿಲ್ಲ.

ಎಲ್ಲ ಹೇಳಿದೆ. ಅವರು ತಿರುಗುತ್ತಿದ್ದ ಮೆಷಿನ್ನನ್ನು ನಿಲ್ಲಿಸಿ ಕೇಳಿದರು. ಹೆಂಗಸರೂ ಕೈ ನಿಲ್ಲಿಸಿದರು.

“ಯಾರು ಮೇಡಂ ಒರೆಸಿದ್ದು?”

“ನಾನೇ ಒರೆಸಿದ್ದು.”

“ನೀವು ಊರಲ್ಲಿರ್ಲಿಲ್ಲ ಅಂದ್ರಲ್ಲ.”

“ಫೋನ್ ಮಾಡಿ ಒರೆಸೋಕೆ ಹೇಳ್ದೆ. ನಂಬರ್ ಎರಡು ಕಡೆ ಬರೀದೆ ಇದ್ದಿದ್ದೂ ನಾನೇ.”

ಅವರು ಹೆಂಗಸರ ಕಡೆ ಒಮ್ಮೆ ತಿರುಗಿ ನೋಡಿದರು. ಬೈದಿದ್ದರೆ ಹಗುರವಾಗುತ್ತಿತ್ತು. ಆಮೇಲೆ, “ಜಾಸ್ತಿ ಉಸ್ರು ಬಿಟ್ಟಿದ್ದು ನಂದೇ ಇರ್ಬೋದಲ್ವಾ?” ಎಂದರು.

“ಇರ್ಬೋದು.”

“ತೆಗೀದೆ ಹಂಗೇ ಬರ್ದ್ಕೊಟ್ರೆ ಯಾರಿಗ್ ಗೊತ್ತಾಗ್ತದೆ?”

ಅವರು ಕೆಟ್ಟವರಾಗಿ ಕೇಳಿದ್ದಲ್ಲ. ಆರು ಜನ ಹೆಂಗಸರು ಹಿಂದೆ ನಿಂತಿದ್ದರು. ಇದೇ ಪ್ರಶ್ನೆಯನ್ನು ನಾನು ಹದಿನಾಲ್ಕು ದಿನ ಕೇಳಿಕೊಂಡಿದ್ದೆ. “ನನಗೂ ಗೊತ್ತಾಗಲ್ಲ ಅಣ್ಣ,” ಎಂದೆ. “ಅದೇ ಕಷ್ಟ. ಸುಳ್ಳು ಬರ್ದೆನೋ ನಿಜ ಬರ್ದೆನೋ ನನಗೇ ಗೊತ್ತಿರಲ್ಲ. ನಾಳೆ ಅವರ ಹಗ್ಗದ ಕೆಳಗೆ ನಿಮ್ಮ ದಾರ ಹಂಗೇ ಬಿದ್ದಿದ್ರೆ, ಬೈಸ್ಕೊಳ್ಳೋರು ನೀವು.”

ಅವರು ಮೆಷಿನ್ನಿನ ಮೇಲಿದ್ದ ದಾರದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದರು. “ತೆಗೀರಿ,” ಎಂದರು. “ಕಡೇಲಿ ಪೊರೆ ನೋಡೋವಾಗ ನಾನೂ ಇರ್ತೀನಿ.”

ಮರುದಿನ ‘ಅ’ ಮತ್ತು ‘ಆ’ ಎರಡನ್ನೂ ತೆರೆದೆ. ಚಮಚದಿಂದ ಕೆಸರು ಬಳಿಯುವಾಗ ಅಕ್ಕ ಬಾಟಲಿ ಹಿಡಿದುಕೊಂಡರು. ನಾನು ದನಿ ಎತ್ತರಿಸಿದ ದಿನದಿಂದ ಅವರು ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಿರಲಿಲ್ಲ. ಓವನ್ನಿನಲ್ಲಿ ಒಣಗಲು ಒಂದು ದಿನ, ಕಾಯಿಸಿ ಸೋಸಲು ಅರ್ಧ ದಿನ. ದಾರದವರು ಮೂರನೇ ದಿನ ಬೆಳಿಗ್ಗೆ ಬಂದು, ಬೇಡವೆಂದರೂ ನಿಂತೇ ಇದ್ದರು. ಸೋಸಿದ ದ್ರಾವಣವನ್ನು ಎರಡು ಗಾಜಿನ ತಟ್ಟೆಗಳಿಗೆ ಸುರಿದು, ಹೊಗೆ ಎಳೆಯುವ ಗೂಡಿನೊಳಗಿಟ್ಟು, ಮೂವರೂ ಹೊರಗಿನಿಂದ ನೋಡುತ್ತ ಕುಳಿತೆವು. ಕೈಯೇನೋ ಕೆಸರಾಗಿತ್ತು, ಬಾಯಿಗೆ ಮೊಸರೋ ಮಜ್ಜಿಗೆಯೋ ಇನ್ನು ಗಂಟೆಯಲ್ಲಿ ತಿಳಿಯುವುದಿತ್ತು.

‘ಅ’ ತಟ್ಟೆ ಆರಿತು. ಅಂಚಿನಲ್ಲಿ ಒಂದು ಹಳದಿ ಕಲೆ, ಬೇರೇನೂ ಇಲ್ಲ. ‘ಆ’ ತಟ್ಟೆಯ ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟಿತು.

ನೆಗೆದದ್ದು ಬರೀ ಕೆಸರಿನ ಬಾಟಲಿ, ಮೂರನೆಯದು. ಎತ್ತಿ ಇಳಿಸುವಾಗ ಮುಚ್ಚಳ ಸಡಿಲಾಗಿ, ಕೋಣೆಯ ಗಾಳಿಯನ್ನೂ ಕರ್ಪೂರದ ಹೊಗೆಯನ್ನೂ ಕ್ಷಾರ ಹೀರಿಕೊಂಡಿರಬೇಕು. ನಾವು ಸೂಕ್ಷ್ಮಜೀವಿಗಳ ಉಸಿರೆಂದು ಆಸೆಪಟ್ಟದ್ದು ಮಂಗಳಾರತಿಯ ಹೊಗೆ. ಅದನ್ನು ದಾರದ ಹೆಸರಿಗೆ ಬರೆದು, ಸಹಿ ಹಾಕಿ, ಮೊಹರು ಒತ್ತಿ ಕಳಿಸುವವಳಿದ್ದೆ. 

“ಹಂಗಾದ್ರೆ ದಾಟ್ಲಿಲ್ಲ,” ಎಂದರು ದಾರದವರು.

“ದಾಟ್ಲಿಲ್ಲ ಅಣ್ಣ.”

ಅವರು ಪೊರೆಯನ್ನು ಮುಟ್ಟಬಹುದೇ ಎಂದು ಕೇಳಿದರು. ಪೂರ್ತಿ ಆರಿದ ಮೇಲೆ ಕೊಟ್ಟೆ. ಉಗುರಿನಿಂದ ಅಂಚು ಎಬ್ಬಿಸಿ, ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ಪೊರೆ ಹರಿಯಲಿಲ್ಲ, ಉದ್ದವಾಯಿತು. ದಾರ ಎಳೆಯುವವರ ಬೆರಳು ಅದು, ಎಳೆದ ಕ್ಷಣಕ್ಕೇ ತಿಳಿದುಕೊಂಡರು.

“ಇದು ಎರಡನೇ ಕಾಳು,” ಎಂದರು. “ಮೊದಲ್ನೇದು ಬರೀ ಹಾಕಿದ್ರೆ ದಾರ ಪಟಪಟ ಕಿತ್ಕೊಳ್ಳೋದು. ಗಟ್ಟಿ ಬರ್ಲಿ ಅಂತ ಇದನ್ನ ಬೆರ್ಸಿದ್ದೆ. ಮೊದಲ್ನೇದನ್ನ ಪೂರ್ತಿ ತಿಂದವ್ರೆ, ಇದನ್ನ ಮುಟ್ಟಿಲ್ಲ.” ಇನ್ನೊಮ್ಮೆ ಎಳೆದು ನೋಡಿದರು. “ನನ್ ಜನ್ಮದಲ್ಲಿ ದಾರ ಗಟ್ಟಿಯಾಗೈತೆ ಅಂತ ಅಳು ಬಂದಿದ್ದು ಇದೇ ಮೊದ್ಲು.”

 ಸುಲಿಯುವವನು ಬಾರದಿದ್ದರೆ ಉಳಿದವರು ಕೈಕಟ್ಟಿಕೊಂಡು ಕೂರಬೇಕು ಎಂದು ಅವರೇ ಹೇಳಿದ್ದರು. ಎರಡನೇ ಕಾಳನ್ನು ಸುಲಿಯುವವನು ಆ ಕೆಸರಿನಲ್ಲಿ ಇರಲಿಲ್ಲ, ಅಥವಾ ಐದು ತಿಂಗಳಲ್ಲಿ ಬರಲಿಲ್ಲ.

ಆಗ ಮೂಲೆಯಲ್ಲಿ ನಿಂತಿದ್ದ ಅಕ್ಕ ಮುಂದೆ ಬಂದರು. “ಅಣ್ಣ, ಅವತ್ತು ನಂಬರ್ ಒರೆಸಿದ್ದು ನಾನು. ಮೇಡಂ ತಮ್ಮೇಲೆ ಹಾಕ್ಕೊಂಡವ್ರೆ.”

ದಾರದವರು ಅವರ ಹಣೆಯ ವಿಭೂತಿ ನೋಡಿದರು. “ಒರೆಸಿದ್ದಕ್ಕೇ ಇದು ಗೊತ್ತಾಗಿದ್ದು ಕಣಮ್ಮ. ನಂಬರ್ ಇದ್ದಿದ್ರೆ ದಾಟ್ಲಿಲ್ಲ ಅಂತ ಮಾತ್ರ ಗೊತ್ತಾಗೋದು. ಯಾಕೆ ಅಂತ ಯಾರು ಕೆಸರು ಕಾಯ್ಸಿ ನೋಡೋರು?”

ಆ ಮಾತಿನಿಂದ ನನ್ನ ತಪ್ಪು ತಪ್ಪಲ್ಲವಾಗಲಿಲ್ಲ. ವರದಿಯಲ್ಲಿ ನಂಬರ್ ಅಳಿದದ್ದು, ಎರಡು ಬಾಟಲಿ ತೆರೆದದ್ದು, ದಾರ ಗೆರೆ ದಾಟದ್ದು ಎಲ್ಲ ಬರೆದೆ. ಮಾಲೀಕರು ಎರಡು ಸಲ ಓದಿ, ಬೇಸರದಿಂದಲೇ, ಸಹಿ ಹಾಕಿದರು. ದಾರದವರು ಅದನ್ನೇ ಸಂಘಕ್ಕೆ ಕಳಿಸಿದರು. ಈ ಹಂಗಾಮು ಅವರಿಗೆ ಸಿಗಲಿಲ್ಲ. ಎರಡನೇ ಕಾಳು ಕಡಿಮೆ ಮಾಡಿ ಹೊಸ ದಾರ ಮಾಡಿದರೆ ಮುಂದಿನ ಸಲ ನೋಡೋಣ ಎಂದು ಉತ್ತರ ಬಂತು. ಆರು ಜನ ಹೆಂಗಸರು ಸದ್ಯ ತೆಂಗಿನ ನಾರಿನ ಹುರಿಗೆ ಮರಳಿದ್ದಾರೆ.

ಕಾರ್ತಿಕದಲ್ಲಿ ಹೊಸ ಕೆಸರು, ಹೊಸ ದಾರದ ಪುಡಿ ಬಂತು. ನಾನು ಮಾರ್ಕರ್ ಪೆನ್ನು ಹುಡುಕುತ್ತಿದ್ದಾಗ ಅಕ್ಕ ತಡೆದರು. “ಮನೇಲಿ ಒಂದು ಸ್ಟೀಲ್ ಲೋಟ ತಗೊಂಡ್ರೂ ಹೆಸ್ರು ಕೊರೆಸ್ತೀವಿ ಮೇಡಂ, ಮದ್ವೆ ಮನೇಲಿ ಬೆರೆತೋದ್ರೂ ಯಾರ್ದು ಅಂತ ಗೊತ್ತಾಗ್ಲಿ ಅಂತ. ಇಷ್ಟು ಓದಿದೀರಾ, ಬಾಟ್ಲಿಗೆ ಪೆನ್ನಲ್ಲಿ ಬರೀತೀರಲ್ಲ.” ಒಂಬತ್ತನ್ನೂ ಚೀಲಕ್ಕೆ ತುಂಬಿಕೊಂಡು, ನಡುನಡುವೆ ಹಳೇ ಸೀರೆ ತುರುಕಿ, ಗಾಜು ಕತ್ತರಿಸುವ ಅಂಗಡಿಗೆ ಹೋದರು. ವಜ್ರದ ಮೊನೆಯಿಂದ ಕೊರೆಸಿಕೊಂಡು ಬಂದರು, ಮೈಮೇಲೂ ಮುಚ್ಚಳದ ಮೇಲೂ.

ನಿನ್ನೆ ಸೋಮವಾರ, ಹೊಸ ಪರೀಕ್ಷೆಯ ಎಂಟನೇ ಅಳತೆ. ನಾಲ್ಕನೇ ತಿಂಗಳು ಇದು, ಹಿಂದಿನ ಸಲ ಉಸಿರು ಇಳಿದ ತಿಂಗಳು. ಬಟ್ಟಲು ತೆಗೆಯುವ ಮುಂಚೆ ಗಾಜಿನ ಮೇಲೆ ಬೆರಳಾಡಿಸಿದೆ. ಕಣ್ಣು ಮುಚ್ಚಿಕೊಂಡರೂ ತಿಳಿಯುತ್ತದೆ, ಎಂಟು. ಆಸಿಡ್ಡಿನ ನಲ್ಲಿಯನ್ನು ಎಷ್ಟು ಸಾಧ್ಯವೋ ಅಷ್ಟು ನಿಧಾನವಾಗಿ ತಿರುಗಿಸಿದೆ. ಗುಲಾಬಿ ಬೇಗ ಹೋಯಿತು. ನಿಂತಿಲ್ಲ, ಇನ್ನೂ ತಿನ್ನುತ್ತಿವೆ. ಮುಚ್ಚಳ ಬಿಗಿಯಾಗಿತ್ತೇ ಎಂದು ಅಕ್ಕನನ್ನು ಮೂರು ಸಲ ಕೇಳಿದೆ. ಮೂರು ಸಲವೂ ಹೂಂ ಎಂದರು. ಸಂಜೆ ಗುಬ್ಬಿಯಿಂದ ಫೋನ್ ಬಂದಾಗ, ಹೆಂಗವ್ರೆ ನಮ್ಮೋರು ಎಂದು ಅವರು ಕೇಳುವ ಮೊದಲೇ, ಉಸಿರಾಡ್ತಾವ್ರೆ ಎಂದೆ. ಯಾರು ಎಂದು ಈಗ ಖಾತ್ರಿ ಇತ್ತು.